ಮೂರನೇ ಕೂಗು

ನಮ್ಮ ಮನೆಯಲ್ಲಿ ಮೊದಲ ಕೂಗಿಗೆ ಯಾರೂ ಏಳುವುದಿಲ್ಲ. ಎರಡನೆಯದಕ್ಕೆ ತಲೆ ಎತ್ತುತ್ತೇವೆ. ಮೂರನೆಯದಕ್ಕೆ ಎದ್ದು ಹೋಗುತ್ತೇವೆ. ಊಟಕ್ಕೆ ಕರೆದರೂ ಅಷ್ಟೆ, ಮನೆಗೆ ಬೆಂಕಿ ಬಿದ್ದರೂ ಬಹುಶಃ ಅಷ್ಟೆ. ಈ ಅಭ್ಯಾಸ ಅಂಟಿಸಿದವನು ಅಪ್ಪ. ಅವನು ಕೋರ್ಟಿನಲ್ಲಿ ಜವಾನನಾಗಿದ್ದ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವನ ಕೆಲಸ. ಮೂರು ಸಲ ಕೂಗಬೇಕು, ಮೂರನೆಯದಕ್ಕೂ ಬರದಿದ್ದರೆ ಕೇಸು ವಜಾ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಅವನಿಗೆ ಚಿಟಿಕೆ ಉಪ್ಪು ಬೇಕಾದರೆ ಅಮ್ಮನನ್ನು ಮೂರು ಸಲವೇ ಕೂಗುತ್ತಿದ್ದ, ನಡುವೆ ಸರಿಯಾದ ಬಿಡುವು ಕೊಟ್ಟು.

"ನನ್ನನ್ನೇನು ವಜಾ ಮಾಡ್ತೀರಾ?" ಅಂತ ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು.

ನನ್ನನ್ನು ಮನೆಯಲ್ಲಿ ಪಾದರಸ ಅನ್ನುತ್ತಾರೆ. ನಿಂತಲ್ಲಿ ನಿಲ್ಲುವವಳಲ್ಲ, ಕೂತಲ್ಲಿ ಕೂರುವವಳಲ್ಲ. ಮುಂದಿನ ಬಸ್ಸು ಬರುವವರೆಗೆ ಕಾಯುವ ಬದಲು ಮುಂದಿನ ನಿಲ್ದಾಣಕ್ಕೆ ನಡೆದುಹೋಗುವವಳು, ಅಲ್ಲಿ ತಲುಪುವಾಗ ಬಸ್ಸು ನನ್ನನ್ನು ದಾಟಿ ಹೋಗಿರುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಸ್ವಾಗತದ ಮೇಜು ನನ್ನದು. ರೋಗಿಗಳ ಹೆಸರು ನಾನು ಒಂದೇ ಸಲ ಕೂಗುತ್ತೇನೆ. ಏಳದಿದ್ದರೆ ಮುಂದಿನವರು. ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ಕಿವಿಯೂ ಕೆಟ್ಟಿದೆಯೇ ಎಂದು ಯಾಕೆ ಕಾಯಬೇಕು. ಡಾಕ್ಟರಿಗೆ ನನ್ನ ಈ ಗುಣ ಬಹಳ ಇಷ್ಟ.

ಲಾಯರ್ ಆಗಬೇಕೆಂಬ ಹುಚ್ಚು ಹತ್ತಿದ್ದು ಅಪ್ಪನ ಕೋರ್ಟಿನ ಬೆಂಚಿನ ಮೇಲೆ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಅವನಿಗಾಗಿ ಕಾಯುತ್ತಿದ್ದೆ. ಅಪ್ಪ ಕೂಗುತ್ತಿದ್ದ, ಜನ ಒಳಗೆ ಹೋಗುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಒಳಗೆ ಏನಾಗುತ್ತದೆ ಅಂದರೆ ಅಪ್ಪ, "ನನಗೇನು ಗೊತ್ತು, ನಾನು ಬಾಗಿಲಿನವನು," ಅನ್ನುತ್ತಿದ್ದ. ಅದು ನನಗೆ ಆಗಲೇ ಸಹಿಸಲಾಗುತ್ತಿರಲಿಲ್ಲ. ಆ ಬಾಗಿಲಿನ ಒಳಗೆ ನಾನು ನಿಲ್ಲಬೇಕು, ಅಷ್ಟೆ. ದುಡಿಯುವವರಿಗೆ ಸಂಜೆ ತರಗತಿ ನಡೆಸುವ ಕಾನೂನು ಕಾಲೇಜು ನಮ್ಮಲ್ಲಿ ಇದ್ದದ್ದು ಒಂದೇ. ಅದಕ್ಕೂ ಪ್ರವೇಶ ಪರೀಕ್ಷೆ.

ಮೊದಲ ಸಲ ಬರೆದಾಗ ಅಪ್ಪನೇ ನನಗೆ ಮನೆಯಲ್ಲಿ ಅಭ್ಯಾಸ ಮಾಡಿಸಿದ್ದ. ಗೋಡೆಯ ಗಡಿಯಾರ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ನಾನು ಅಮ್ಮ ಇಸ್ತ್ರಿ ಮಾಡುವ ಮೇಜಿನ ಒಂದು ತುದಿಯಲ್ಲಿ. ಹೊತ್ತು ಮುಗಿದಾಗ "ಸಮಯ ಆಯ್ತು" ಎಂದು ಕೂಗುತ್ತಿದ್ದ. ಸ್ವಲ್ಪ ಬಿಟ್ಟು ಮತ್ತೊಮ್ಮೆ, ಇನ್ನಷ್ಟು ಬಿಟ್ಟು ಮಗದೊಮ್ಮೆ. ನಾನು ಉತ್ತರಗಳನ್ನು ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು, ಉತ್ತರದ ಹಾಳೆಯ ಸೊನ್ನೆಗಳನ್ನು ಕೊನೆಯಲ್ಲಿ ಒಟ್ಟಿಗೆ ಕಪ್ಪು ಮಾಡುತ್ತಿದ್ದೆ. ಮೊದಲ ಕೂಗಿಗೂ ಮೂರನೆಯದಕ್ಕೂ ನಡುವೆ ಎಷ್ಟು ಸೊನ್ನೆ ತುಂಬಬಹುದು ಎಂಬ ಅಂದಾಜು ನನ್ನ ಬೆರಳಿಗೇ ಬಂದುಬಿಟ್ಟಿತ್ತು.

ಪರೀಕ್ಷೆಯ ದಿನ ಗಂಟೆ ಹೊಡೆಯಿತು. ಮೊದಲ ಕೂಗು ಎಂದುಕೊಂಡು ನಾನು ಆರಾಮವಾಗಿ ತುಂಬತೊಡಗಿದೆ. ಮೇಲ್ವಿಚಾರಕಿ ಬಂದು ಹಾಳೆ ಎಳೆದುಕೊಂಡಳು. "ಮೇಡಂ, ಇನ್ನೂ ಎರಡು ಸಲ ಇದೆಯಲ್ಲ?" ಅಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟುತ್ತದೆ. ಕೊನೆಯ ಒಂದಿಡೀ ಸಾಲು ಸೊನ್ನೆ ಸೊನ್ನೆಯಾಗಿಯೇ ಉಳಿಯಿತು, ಸೀಟು ಹೋಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಅಂದಳು ಅಮ್ಮ, ಅಪ್ಪನ ಕಡೆ ನೋಡುತ್ತ.

ಹಾಗಾಗಿ ಎರಡನೇ ಸಲ ಓದಲು ಕೂತಾಗ ಅಪ್ಪನ ಕೈಯಲ್ಲಿ ಆಣೆ ಮಾಡಿಸಿಕೊಂಡೆ. ಒಂದೇ ಕೂಗು. ಇದು ಕೊನೆಯ ಅವಕಾಶವೂ ಆಗಿತ್ತು, ಯಾಕೆಂದರೆ ಮುಂದಿನ ವರ್ಷದಿಂದ ಸಂಜೆ ತರಗತಿ ಇರುತ್ತದೋ ಇಲ್ಲವೋ ಹೇಳಲಾಗದು ಎಂದು ಕಾಲೇಜಿನವರು ಫಲಕ ಹಾಕಿದ್ದರು. ಹಗಲು ಕಾಲೇಜಿಗೆ ಹೋದರೆ ಕ್ಲಿನಿಕ್ ಬಿಡಬೇಕು, ಕ್ಲಿನಿಕ್ ಬಿಟ್ಟರೆ ಮನೆ ನಡೆಯುವುದಿಲ್ಲ.

ಆ ತಿಂಗಳುಗಳು ಮುಳ್ಳಿನ ಮೇಲೆ ಕೂತ ಹಾಗೆ ಕಳೆದವು. ಕೂತರೆ ಕಾಲು ಕುಣಿಯುತ್ತಿತ್ತು, ಮೇಜು ಅಲುಗುತ್ತಿತ್ತು, ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, "ನೀನು ಕಾಲು ನಿಲ್ಲಿಸ್ತೀಯೋ, ನಿನ್ನ ಕಾಲಿಗೇ ಇಸ್ತ್ರಿ ಮಾಡ್ಲೋ?" ಅನ್ನುತ್ತಿದ್ದಳು. ಎದ್ದು ಮೆಟ್ಟಿಲಿಗೆ ಹೋಗಿ ಓದುತ್ತಿದ್ದೆ. ಅಲ್ಲಿ ಕೆಳಮನೆಯ ನೀರಿನ ಪಂಪು ಗುಂಯ್ ಅನ್ನುತ್ತಿತ್ತು. ಕ್ಲಿನಿಕ್ಕಿನಲ್ಲಿ ಕಂಪ್ಯೂಟರಿನ ಹಿಂದೆ ಪುಸ್ತಕ ಅಡಗಿಸಿಟ್ಟರೆ, ಒಳಗಿನಿಂದ ಹಲ್ಲು ಕೊರೆಯುವ ಸದ್ದು ನೇರ ನನ್ನ ತಲೆಯೊಳಗೆ ಇಳಿಯುತ್ತಿತ್ತು. ಓದಿದ್ದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ಹೆದರಿದ್ದೆ, ಅದನ್ನು ಹೇಳಿಕೊಳ್ಳಲು ಏನು ನಾಚಿಕೆ. ಈ ಸಲ ತಪ್ಪಿದರೆ ಜೀವಮಾನವಿಡೀ ಇತರರ ಹಲ್ಲಿನ ಸರದಿ ನೋಡಿಕೊಂಡು ಕೂರಬೇಕಲ್ಲ ಎಂಬ ಯೋಚನೆ ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ.

ಅಪ್ಪನೋ, ಪ್ರಶ್ನೆಗಳ ಜೊತೆಯೇ ಜಗಳಕ್ಕೆ ನಿಲ್ಲುತ್ತಿದ್ದ. ಒಂದು ಪ್ರಶ್ನೆ ಹೀಗಿತ್ತು. ಎಚ್ಚರಿಕೆಯ ಫಲಕ ಇದ್ದರೆ ಹೊಂಡ ತೋಡಿದವನು ಹೊಣೆಯಲ್ಲ ಎಂಬುದು ನಿಯಮ. ಒಬ್ಬ ಹೊಂಡ ತೋಡಿ ಫಲಕ ಹಾಕಿದ್ದ, ಇನ್ನೊಬ್ಬ ಬಂದು ಅದರಲ್ಲಿ ಬಿದ್ದ. ಯಾರು ಹೊಣೆ?

"ಬಿದ್ದವನಿಗೆ ಓದೋಕೆ ಬರ್ತಿತ್ತಾ?" ಅಪ್ಪ ಕೇಳಿದ.

"ಅದೆಲ್ಲ ಕೇಳೋ ಹಾಗಿಲ್ಲ ಅಪ್ಪ. ನಿಯಮ ಕೊಟ್ಟಿದ್ದಾರೆ, ಸಂಗತಿ ಕೊಟ್ಟಿದ್ದಾರೆ. ಇದನ್ನ ಅದಕ್ಕೆ ಹಚ್ಚಿ ಉತ್ತರ ತೆಗೀಬೇಕು."

"ಬಿದ್ದವನನ್ನ ಕರೆದು ಕೇಳದೇನೇ?"

"ಯಾರೂ ಯಾರನ್ನೂ ಕರೆಯಲ್ಲ ಇಲ್ಲಿ."

"ಇದ್ಯಾವ ಸೀಮೆ ಕೋರ್ಟು," ಎಂದು ಅಪ್ಪ ಗಡಿಯಾರದ ಗಾಜು ಒರೆಸಿದ.

ಒಂದೇ ಕೂಗಿನ ಆಣೆಯೂ ಅವನ ಕೈಲಿ ನಡೆಯಲಿಲ್ಲ. "ಸಮಯ ಆಯ್ತು" ಎಂದವನು ಸ್ವಲ್ಪ ಹೊತ್ತು ತುಟಿ ಬಿಗಿದು ಕೂರುತ್ತಿದ್ದ, ಆಮೇಲೆ ಮೆಲ್ಲಗೆ, ಕೆಮ್ಮಿದಂತೆ ನಟಿಸುತ್ತ, ಮತ್ತೊಂದು ಸಲ ಅಂದೇಬಿಡುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಒಂದು ದಿನ ನನಗೆ ರೇಗಿಹೋಯಿತು. ಪುಸ್ತಕ ಮುಚ್ಚಿ ಕೂಗಾಡಿದೆ.

"ಒಂದು ಸಲ ಕೂಗಿ ಸುಮ್ಮನಿರೋಕೆ ನಿನಗೇನು ಕಷ್ಟ?"

ಅಪ್ಪ ಸಿಟ್ಟಾಗಲಿಲ್ಲ. "ಮೊದಲನೇ ಕೂಗು ಕೋರ್ಟಿಂದು. ಎರಡನೇದೂ ಕೋರ್ಟಿಂದೇ. ಮೂರನೇದು ಮಾತ್ರ ನಂದು," ಅಂದ. "ಅದನ್ನ ಯಾವಾಗ ಕೂಗಬೇಕು ಅಂತ ಯಾರೂ ಬರೆದಿಟ್ಟಿರಲಿಲ್ಲ. ಒಂದು ಸಲ ಒಬ್ಬಳು ಮಗೂನ ಎತ್ಕೊಂಡು ರಸ್ತೆ ಆಚೆಯಿಂದ ಓಡಿ ಬರ್ತಿದ್ಲು. ನಾನು ಬಾಗಿಲಿನ ಚಿಲಕ ಸರಿ ಮಾಡೋ ಹಾಗೆ ಮಾಡ್ದೆ, ಚಪ್ಪಲಿಯೊಳಗಿನ ಕಲ್ಲು ತೆಗೆದೆ. ಅವಳು ಮೆಟ್ಟಿಲು ಹತ್ತಿದ ಮೇಲೇ ಕೂಗಿದ್ದು. ಇಡೀ ಕೋರ್ಟಲ್ಲಿ ನನ್ನ ಕೈಲಿದ್ದದ್ದು ಅಷ್ಟೇ ಕಣೇ."

ನನಗೆ ಆಗ ಇದನ್ನೆಲ್ಲ ಕೇಳುವ ತಾಳ್ಮೆ ಇರಲಿಲ್ಲ. ನಾಳೆಯಿಂದ ಗಡಿಯಾರ ಅಮ್ಮನ ಕೈಗೆ ಕೊಡು ಅಂದೆ. ಅಮ್ಮ ಇಸ್ತ್ರಿಪೆಟ್ಟಿಗೆ ಮೇಜಿಗೆ ಕುಕ್ಕಿದರೆ ಸಮಯ ಮುಗಿಯಿತು ಎಂದು ಲೆಕ್ಕ. ಅವಳು ಒಂದೇ ಸಲ ಕುಕ್ಕುತ್ತಿದ್ದಳು. ಅಪ್ಪ ಮೂಲೆಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ.

ಪರೀಕ್ಷೆ ಬರೆದೆ. ಗಂಟೆ ಹೊಡೆದ ತಕ್ಷಣ ಪೆನ್ನು ಕೆಳಗಿಟ್ಟೆ, ಎಲ್ಲ ಸೊನ್ನೆಗಳೂ ಕಪ್ಪಾಗಿದ್ದವು. ಫಲಿತಾಂಶದಲ್ಲಿ ನನ್ನ ನಂಬರು ಬಂದದ್ದು ಕಾಯುವವರ ಪಟ್ಟಿಯಲ್ಲಿ. ನಲವತ್ತೆರಡು. ಉಳಿದ ಸೀಟುಗಳನ್ನು ತುಂಬುವ ದಿನ ಎಲ್ಲರೂ ಕಾಲೇಜಿಗೆ ಬಂದು ಕೂರಬೇಕು, ನಂಬರು ಕೂಗಿದಾಗ ಎದ್ದು ಹೋಗಬೇಕು. ಕೂಗಿದಾಗ ಇಲ್ಲದವರ ಸೀಟು ಮುಂದಿನವರಿಗೆ.

ಅಪ್ಪ ತಾನೂ ಬರುತ್ತೇನೆಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟ. ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಒಂದು ಮೇಜು, ಮೇಜಿನ ಹಿಂದೆ ತಲೆ ಎತ್ತದ ಗುಮಾಸ್ತ. ನನ್ನ ಪಕ್ಕದ ಕುರ್ಚಿಯಲ್ಲಿ ಹಳದಿ ಚೀಲದ ಹುಡುಗಿಯೊಬ್ಬಳು ಬಂದು ಕೂತಳು. ಕೂತವಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕುರುಕುರು ತಿನ್ನತೊಡಗಿದಳು.

"ನಿಮ್ಮದೆಷ್ಟು? ನನ್ನದು ನಲವತ್ತೊಂದು," ಅಂದಳು. "ನಾನೇನೂ ಓದಿರಲೇ ಇಲ್ಲ ಅಕ್ಕ. ಸುಮ್ಮನೆ ಬರೆದು ನೋಡೋಣ ಅಂತ ಬರೆದೆ."

ಅಲ್ಲೇ ಅವಳ ಚೀಲ ಕಿತ್ತು ಕಿಟಕಿಯಿಂದಾಚೆ ಎಸೆಯಬೇಕು ಅನಿಸಿತು. ಓದದೆ ನಲವತ್ತೊಂದು, ಮುಳ್ಳಿನ ಮೇಲೆ ಕೂತು ಓದಿದವಳು ನಲವತ್ತೆರಡು. ಕುರ್ಚಿ ಸ್ವಲ್ಪ ಆಚೆ ಸರಿಸಿಕೊಂಡೆ. ಅವಳು ಸ್ವಲ್ಪ ಹೊತ್ತು ಕೂತಳು, ಎರಡು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ಬಿಸ್ಕತ್ತಿನ ಕೈ ತೊಳೆಯಲೋ ಏನೋ, ಚೀಲ ಎತ್ತಿಕೊಂಡು ಹೊರಗಿನ ಕಾರಿಡಾರಿನ ಕೊನೆಯ ನಲ್ಲಿಯ ಕಡೆ ಹೋದಳು. ನಾನು ನೋಡಿದೆ. ಅಪ್ಪನೂ ನೋಡಿದ.

ನಂಬರುಗಳು ಬೇಗ ಬೇಗ ಹೋದವು. "ಇನ್ನೊಂದೇ ಸೀಟು," ಅಂದ ಗುಮಾಸ್ತ. ಆಮೇಲೆ, "ನಲವತ್ತೊಂದು."

ಯಾರೂ ಏಳಲಿಲ್ಲ. ನನ್ನ ಕಾಲು ಕುಣಿಯುವುದು ನಿಂತಿತು.

"ನಲವತ್ತೊಂದು," ಅಂದ ಮತ್ತೊಮ್ಮೆ, ಸಭೆಗಲ್ಲ, ತನ್ನ ಮುಂದಿದ್ದ ಹಾಳೆಗೆ. ಆ ನಂಬರಿನ ಮೇಲೆ ಗೆರೆ ಎಳೆಯಲು ಸ್ಕೇಲು ಹುಡುಕತೊಡಗಿದ.

ಪರೀಕ್ಷೆಯ ಪ್ರಶ್ನೆಯಂತೆಯೇ ಇತ್ತು. ನಿಯಮ: ಕೂಗಿದಾಗ ಇಲ್ಲದವರ ಸೀಟು ಮುಂದಿನವರಿಗೆ. ಸಂಗತಿ: ಕೂಗಿದ್ದಾನೆ, ಅವಳಿಲ್ಲ. ಉತ್ತರ: ಸೀಟು ನನ್ನದು. ಇಷ್ಟು ಸುಲಭದ ಪ್ರಶ್ನೆ ಆ ಪತ್ರಿಕೆಯಲ್ಲಿ ಒಂದೂ ಇರಲಿಲ್ಲ.

ಆಗ ಪಕ್ಕದಲ್ಲಿ ಅಪ್ಪನ ಉಸಿರು ಕೇಳಿಸಿತು. ಆ ಉಸಿರು ನನಗೆ ಹುಟ್ಟಿದಾಗಿನಿಂದ ಗೊತ್ತು. ಕೂಗುವ ಮುಂಚೆ ಅವನು ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಾನೆ, ಭುಜ ಸ್ವಲ್ಪ ಮೇಲೇಳುತ್ತದೆ, ಗದ್ದ ಬಾಗಿಲ ಕಡೆ ತಿರುಗುತ್ತದೆ. ಕೂಗಿಯೇಬಿಡುತ್ತಾನೆ ಎಂದುಕೊಂಡೆ. ಕೂಗಿದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದೂ ಅಂದುಕೊಂಡೆ.

ಅಪ್ಪ ಕೂಗಲಿಲ್ಲ. ಎಳೆದ ಉಸಿರನ್ನು ಮೆಲ್ಲಗೆ ಬಿಟ್ಟ, ಭುಜ ಇಳಿಯಿತು. ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ಕೂತ. ಕದ್ದು ಸಿಕ್ಕಿಬಿದ್ದವನ ಹಾಗೆ ಕೂತಿದ್ದ. ನನಗಾಗಿ ಹಾಗೆ ಕೂತಿದ್ದ. ಮೂರನೇ ಕೂಗಿಲ್ಲದ ಆ ಮೌನ ನನ್ನ ಕೈಲಿ ತಡೆಯಲಾಗಲಿಲ್ಲ. ಜೀವನದಲ್ಲಿ ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ.

ಗುಮಾಸ್ತನಿಗೆ ಸ್ಕೇಲು ಸಿಕ್ಕಿತು. ನಾನು ಎದ್ದೆ, ಬಾಗಿಲಿಗೆ ಹೋದೆ, ಕಾರಿಡಾರಿನ ಕಡೆ ತಿರುಗಿ ಕೂಗಿದೆ.

"ನಲವತ್ತೊಂದು!"

ಗಂಟಲು ಒಡೆದು ವಿಕಾರವಾಗಿ ಹೊರಟಿತು ಆ ಧ್ವನಿ. ಹಳದಿ ಚೀಲ ಓಡಿ ಬಂತು. ಕೈ ಒದ್ದೆ, ಮುಖ ಒದ್ದೆ, ಕಣ್ಣು ಕೆಂಪು. ಅಲ್ಲಿ ನಿಂತು ಅಳುತ್ತಿದ್ದಳೆಂದು ಕಾಣುತ್ತದೆ. ಓದಿರಲಿಲ್ಲವಂತೆ. "ನಾನೇ, ನಾನೇ," ಎನ್ನುತ್ತ ಮೇಜಿನ ಹತ್ತಿರ ಹೋದಳು.

"ನೀವ್ಯಾರು?" ಗುಮಾಸ್ತ ಮೊದಲ ಸಲ ತಲೆ ಎತ್ತಿ ನನ್ನನ್ನು ಕೇಳಿದ.

"ನಲವತ್ತೆರಡು," ಅಂದೆ.

ಅವನು ನನ್ನನ್ನೊಮ್ಮೆ, ಸ್ಕೇಲನ್ನೊಮ್ಮೆ ನೋಡಿದ. ಆಮೇಲೆ ಅವಳ ಕಾಗದ ತೆಗೆದುಕೊಂಡು, "ಸೀಟು ಮುಗೀತು," ಅಂದ.

ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಸಿಟ್ಟಿನ ಅಳು, ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಹೇಳಲಾರೆ. ಎದ್ದು ಬಾಗಿಲಿಗೆ ಹೋದ ಕಾಲು ನನ್ನದೇ, ಆದರೂ ಯಾರೋ ಮೋಸ ಮಾಡಿದ ಹಾಗೆ ಅನಿಸುತ್ತಿತ್ತು. ಅಪ್ಪ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ.

"ನೀನ್ಯಾಕೆ ಕೂಗಲಿಲ್ಲ?" ಅಂದೆ.

"ನಿನ್ನ ಸೀಟಲ್ವಾ."

"ಮತ್ತೆ ನಾನು ಕೂಗಿದ್ನಲ್ಲ. ಬೈಯಿ."

ಅಪ್ಪ ಒಂದು ಮೆಟ್ಟಿಲು ಮೇಲೆ ಬಂದ. "ಸರ್ವೀಸಲ್ಲಿ ಒಂದು ಸಲಾನೂ ಮೂರನೇ ಕೂಗು ನುಂಗಿರಲಿಲ್ಲ," ಅಂದ. "ಇವತ್ತು ನುಂಗಿದೆ. ಗಂಟಲಲ್ಲೇ ಇದೆ ಇನ್ನೂ." ಮುಖ ಒರೆಸಿಕೊಂಡ. "ನೀನು ಕೂಗಿದ್ದು ಚೆನ್ನಾಗಿರಲಿಲ್ಲ. ಹೊಟ್ಟೆಯಿಂದ ಬರಬೇಕು, ನೀನು ಗಂಟಲಿಂದ ಕೂಗಿದೆ. ನಾಳೆ ನೋವಾಗುತ್ತೆ ನೋಡು. ಏಳು, ಬಸ್ಸು ಬರುತ್ತೆ."

ನಾನು ಏಳಲಿಲ್ಲ. ಅಪ್ಪ ಅಂಗಳ ದಾಟಿ ಗೇಟಿನವರೆಗೆ ಹೋದ. ಬಸ್ಸು ತಿರುವಿನಲ್ಲಿ ಕಾಣಿಸಿತು. ಮೊದಲ ಸಲ ಮೆಲ್ಲಗೆ ಕರೆದ, "ಪಾದರಸಾ." ಕೂತೇ ಇದ್ದೆ. ಎರಡನೇ ಸಲ ಕರೆದ. ತಲೆ ಎತ್ತಿದೆ. ಬಸ್ಸು ಬಂದು ನಿಂತಿತು, ಕಂಡಕ್ಟರು ಬಾಗಿಲು ತಟ್ಟಿದ. ಅಪ್ಪ ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟು, ಬಗ್ಗಿ, ಚಪ್ಪಲಿಯೊಳಗಿನ ಇಲ್ಲದ ಕಲ್ಲು ತೆಗೆಯತೊಡಗಿದ. ಕಂಡಕ್ಟರು ಬೈಯುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಅಪ್ಪ ನೆಟ್ಟಗಾದ, ಭುಜ ಮೇಲೆದ್ದಿತು, ಇಡೀ ಕಾಲೇಜಿನ ಕಿಟಕಿಗಳಿಗೆಲ್ಲ ಕೇಳುವ ಹಾಗೆ ಹೊಟ್ಟೆಯಿಂದ ಕೂಗಿದ. ನಾನು ಎದ್ದು ಓಡಿದೆ.