ಕುದುರೆಲಾಯದ ಹೀಟರುಗಳು

ಪೆಟ್ಟಿಗೆ ಆರ್ಗನ್ನಿನ ಮುಚ್ಚಳ ತೆಗೆದು, ಒಳಗಿನ ಮರದ ಕೊಳವೆಗಳ ಬಿರಡೆಗಳನ್ನು ಕೂದಲೆಳೆಯಷ್ಟು ಒತ್ತುತ್ತ, ಕೂದಲೆಳೆಯಷ್ಟು ಎಳೆಯುತ್ತ ಥೆಕ್ಲಾ ಬೆಳಿಗ್ಗೆ ಆರರಿಂದ ಶ್ರುತಿ ಕೂಡಿಸುತ್ತಿದ್ದಳು. ಮೈಮೇಲೆ ಕೋಟು, ತಲೆಗೆ ಉಣ್ಣೆಯ ಟೋಪಿ. ಹಿಂದೆ ಕುದುರೆಲಾಯವಾಗಿದ್ದ ಆ ಸಭಾಂಗಣದಲ್ಲಿ ಫೆಬ್ರವರಿಯ ಎಲ್ಬೆ ನದಿಯ ಗಾಳಿ ಗೋಡೆಯೊಳಗಿಂದಲೇ ಬರುತ್ತದೆ. ಮಾತಾಡಿದರೆ ಬಾಯಿಂದ ಹೊಗೆ.

ನುಡಿಸುವವರೇ ಶ್ರುತಿ ಕೂಡಿಸಬೇಕು, ಇನ್ನೊಬ್ಬರು ಕೈಹಚ್ಚುವಂತಿಲ್ಲ. ಇದು ಪ್ರೊಫೆಸರ್ ಹಾರ್ನಿಶ್ ಮೇಡಂ ಅವರ ಕಟ್ಟಪ್ಪಣೆ. ಇವತ್ತು ಥೆಕ್ಲಾಳಿಗೆ ಎರಡನೇ ಸಲದ ಪರೀಕ್ಷೆ. ಹೋದ ವರ್ಷ ಬೇಸಿಗೆಯ ಪರೀಕ್ಷೆಗೆ ಜ್ವರದಲ್ಲಿ ನುಡಿಸಲು ಹೋಗಿ ಮಣ್ಣುಮುಕ್ಕಿದ್ದಳು. ಎರಡು ಸಲ ನಪಾಸಾದರೆ ಮುಗಿಯಿತು, ದೇಶದ ಯಾವ ಶಾಲೆಯೂ ಈ ಓದಿಗೆ ಮತ್ತೆ ಬಾಗಿಲು ತೆರೆಯುವುದಿಲ್ಲ.

ಅದೆಂಥದೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗೆರ್ಲಿಂಡ್‌ಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಅವಳೂ ಎರಡನೇ ಸಲದ ಪರೀಕ್ಷೆಗೆ ಇದೇ ಪೆಟ್ಟಿಗೆಯ ಮುಂದೆ ಹೀಗೇ ಮಂಡಿಯೂರಿದ್ದಳು. ಚಳಿಯಲ್ಲಿ ಶ್ರುತಿ ಕೂಡಿಸಿ ಮುಗಿಸಿದ ಮೇಲೆ ತೀರ್ಪುಗಾರರ ಮಂಡಿನೋವಿಗೆಂದು ನಾಲ್ಕು ಹೀಟರು ಬಂದವು. ಬಿಸಿ ತಾಕಿದರೆ ಆರ್ಗನ್ನಿನ ಸ್ವರ ಮೇಲೇರುತ್ತದೆ, ಪಕ್ಕದ ಹಾರ್ಪ್ಸಿಕಾರ್ಡಿನ ತಂತಿ ಸಡಿಲವಾಗಿ ಕೆಳಗಿಳಿಯುತ್ತದೆ. ಹತ್ತು ನಿಮಿಷದಲ್ಲಿ ಎರಡೂ ಹಾವು ಮುಂಗುಸಿ. ಹಾರ್ನಿಶ್‌ಗೆ ಇದೆಲ್ಲ ಮೊದಲೇ ಗೊತ್ತಿತ್ತು, ತುಟಿ ಬಿಚ್ಚಲಿಲ್ಲ. ಅವಳು ನಪಾಸಾದ ಮೇಲೆ ದೊಡ್ಡ ಮನಸ್ಸು ಮಾಡಿದವರಂತೆ, ವಾದ್ಯ ಹೊರುವ, ಹೀಟರು ಹಚ್ಚುವ ಕೆಲಸ ಕೊಟ್ಟರು. ಬೇರೆ ಗತಿಯಿಲ್ಲದ ಗೆರ್ಲಿಂಡ್ ಒಪ್ಪಿಕೊಂಡಳು.

ಆದರೆ ಒಂದು ಸೇಡು ತೀರಿಸಿಕೊಳ್ಳುತ್ತ ಬಂದಳು. ಚಳಿಗಾಲದ ಪರೀಕ್ಷೆಯ ಹಿಂದಿನ ದಿನ ಪ್ರತಿ ವಿದ್ಯಾರ್ಥಿಯನ್ನೂ ಮೂಲೆಗೆ ಕರೆದು, "ಹೀಟರು ಹಚ್ಚಿ ಒಂದು ಗಂಟೆ ಆದಮೇಲೆ ಶ್ರುತಿ ಮಾಡ್ಕೋ" ಎಂದು ಪಿಸುಗುಟ್ಟುತ್ತಿದ್ದಳು. ಎಂಟು ವರ್ಷ ಒಬ್ಬರನ್ನೂ ಬಿಟ್ಟಿರಲಿಲ್ಲ.

ಥೆಕ್ಲಾಳಿಗೆ ಹೇಳಲಿಲ್ಲ. ಕಾರಣ ಸಣ್ಣದು, ಹೊಲಸು. ಹೋದ ವಾರ ಮೆಟ್ಟಿಲಿನ ಮೇಲೆ ಹಾರ್ನಿಶ್ ಯಾರಿಗೋ, "ಥೆಕ್ಲಾ ಪಾಸಾದ್ರೆ ಸಹಾಯಕಿ ಮಾಡ್ಕೋತೀನಿ. ಇಂಥ ಕಿವಿ ಇರೋಳು ನಂಗೆ ಇದುವರೆಗೂ ಸಿಕ್ಕಿರ್ಲಿಲ್ಲ" ಎಂದದ್ದು ಗೆರ್ಲಿಂಡ್ ಕಿವಿಗೆ ಬಿದ್ದಿತ್ತು. ಇದುವರೆಗೂ! ಆರ್ಗನ್ ಹೊತ್ತು ಸೊಂಟ ಬಿದ್ದುಹೋದವಳಿಗೆ ಕಿವಿಯೇ ಇರಲಿಲ್ಲವೇನು?

"ಗೆರ್ಲಿಂಡ್, ಬಾರೇ ಇಲ್ಲಿ" ಎಂದು ಥೆಕ್ಲಾ ಕರೆದಳು. "ನಮ್ಮಮ್ಮ ಗಸಗಸೆ ಕೇಕ್ ಕಳಿಸಿದಾಳೆ, ನಿಂಗೂ ಒಂದು ತುಂಡು ಇಟ್ಟಿದೀನಿ. ತಿನ್ನೋಕೆ ಮುಂಚೆ ಒಂದ್ಸಲ ಕೇಳು. ನಿನ್ನ ಕಿವಿ ಮೇಲೆ ನಂಗೆ ನನ್ನದಕ್ಕಿಂತ ನಂಬಿಕೆ."

ಎರಡೂ ವಾದ್ಯದಲ್ಲಿ ಒಂದೇ ಸ್ವರ ಹಿಡಿದಳು. ನಡುವೆ ಒಂದು ಎಳೆ ತೂರಿಸಲೂ ಜಾಗವಿರಲಿಲ್ಲ.

"ಹೆಂಗಿದೆ?"

ಹೇಳಬೇಕಾದ್ದು ನಾಲಿಗೆ ತುದಿಗೆ ಬಂದಿತ್ತು. ಮೇಲಿನ ಮಹಡಿಯಲ್ಲಿ ನೃತ್ಯದ ಮಕ್ಕಳು ದಬದಬ ಕುಣಿಯತೊಡಗಿದರು. ಗೆರ್ಲಿಂಡ್ ಅದು ನಿಲ್ಲುವವರೆಗೂ ಕಾದಳು.

"ಸರಿಯಾಗಿದೆ" ಎಂದಳು. ಸುಳ್ಳೇನಲ್ಲ, ಆ ಹೊತ್ತಿಗೆ ಸರಿಯಾಗಿಯೇ ಇತ್ತು.

ಥೆಕ್ಲಾ ಮುಖ ತೊಳೆಯಲು ಹೋದಾಗ ಗೆರ್ಲಿಂಡ್ ಬೀರುವಿನಿಂದ ನಾಲ್ಕೂ ಹೀಟರು ತಂದು ಹಚ್ಚಿದಳು.

ಒಂಬತ್ತೂವರೆಗೆ ತೀರ್ಪುಗಾರರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಥೆಕ್ಲಾ ಒಳಗೆ ಕಾಲಿಟ್ಟವಳೇ ಬೆಚ್ಚಗಿನ ಗಾಳಿಗೆ ನಿಂತುಬಿಟ್ಟಳು.

"ಮೇಡಂ, ಹತ್ತು ನಿಮಿಷ ಕೊಡಿ, ಶ್ರುತಿ ಇನ್ನೊಂದ್ಸಲ..."

"ಐದು ವರ್ಷ ಕೊಟ್ಟಿದ್ವಲ್ಲ" ಎಂದರು ಹಾರ್ನಿಶ್. "ಶುರು ಮಾಡು."

ಹಾರ್ಪ್ಸಿಕಾರ್ಡಿನ ಜೊತೆಗಾರ ಮೊದಲ ಸ್ವರ ಒತ್ತಿದ, ಥೆಕ್ಲಾ ಒತ್ತಿದಳು. ಹಲ್ಲಿನಡಿ ಮರಳು ಸಿಕ್ಕಿದಂತಾಯಿತು. ತೀರ್ಪುಗಾರರಲ್ಲೊಬ್ಬ ಕಿಸಕ್ಕೆಂದ. ಜೊತೆಗೆ ಹಾಡಲು ಬಂದಿದ್ದ ಹುಡುಗಿ ಯಾವುದರ ಬಾಲ ಹಿಡಿಯುವುದೆಂದು ತಿಳಿಯದೆ ಎರಡರ ನಡುವೆ ತೂರಾಡಿದಳು. ಥೆಕ್ಲಾ ಬೆರಳು ತಪ್ಪದೆ ಕೊನೆಯವರೆಗೂ ನುಡಿಸಿದಳು. ನಿಲ್ಲಿಸಿಬಿಡಬಾರದೇ ಎಂದು ಗೆರ್ಲಿಂಡ್‌ಗೇ ಅನ್ನಿಸಿತು.

ಫಲಿತಾಂಶ ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ಹೋದ ಮೇಲೆ ಹಾರ್ನಿಶ್ ಒಂದು ಹೀಟರಿನ ಮೇಲೆ ಕೈ ಕಾಯಿಸುತ್ತ ನಿಂತರು.

"ನೀನು ಎಲ್ಲರಿಗೂ ಗುಟ್ಟಾಗಿ ಹೇಳ್ಕೊಡ್ತಿದ್ದೆ ಅಂತ ನಂಗೊತ್ತು. ಇವಳಿಗೆ ಯಾಕೆ ಹೇಳ್ಲಿಲ್ಲ?"

ಗೆರ್ಲಿಂಡ್ ಬಗ್ಗಿ ಪಕ್ಕದ ಹೀಟರು ಆರಿಸಿದಳು.

"ಹೋಗ್ಲಿ ಬಿಡು. ಸಹಾಯಕಿ ಜಾಗ ಖಾಲಿ ಇದೆ. ಸೋಮವಾರದಿಂದ ಶ್ರುತಿ ಪಾಠ ನೀನೇ ಮಾಡು." ಎಂಟು ವರ್ಷದಲ್ಲಿ ಮೊದಲ ಸಲ ಹಾರ್ನಿಶ್ ಅವಳ ಭುಜ ತಟ್ಟಿದರು. "ಈಗ ನನ್ನ ಶಿಷ್ಯೆ ಆದೆ ನೋಡು."

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಗೆರ್ಲಿಂಡ್‌ಗೆ ಖುಷಿಯಾಯಿತು, ಕಣ್ಣು ತುಂಬುವಷ್ಟು.

ಆರ್ಗನ್ನನ್ನು ಕೋಣೆಗೆ ಸೇರಿಸಬೇಕಿತ್ತು. ಚಕ್ರವಿದ್ದರೂ ಬಾಗಿಲ ಕಲ್ಲಿನ ಹೊಸ್ತಿಲು ದಾಟಿಸಲು ಇಬ್ಬರು ಬೇಕು. ಅವಳು ಒಬ್ಬಳೇ ಏದುಸಿರು ಬಿಡುತ್ತಿರುವುದನ್ನು ನೋಡಿ, ಅತ್ತು ಕೆಂಪಾದ ಮುಖದ ಥೆಕ್ಲಾ ಓಡಿಬಂದು ಇನ್ನೊಂದು ತುದಿ ಹಿಡಿದಳು.

"ನೀನು ಕೇಳ್ದಾಗ ಸರಿಯಾಗೇ ಇತ್ತು ಕಣೇ" ಎಂದಳು. "ಬಿಸಿ ಮಾಡ್ತಾರಾ ಅಂತ ನಾನೇ ಕೇಳ್ಬೇಕಿತ್ತು. ನನ್ನದೇ ತಪ್ಪು. ಪಾಪ, ನಿಂಗೂ ಸುಮ್ನೆ ಬೇಜಾರು ಮಾಡ್ದೆ. ಕೇಕ್ ತಿಂದ್ಯಾ?"

"ಹೊಸ್ತಿಲು ಬಂತು" ಎಂದಳು ಗೆರ್ಲಿಂಡ್. "ನೋಡ್ಕೊಂಡು ಎತ್ತು."