ಒಂದು ಮೊಳ ದೂರ

ಮೊದಲ ಲೆನ್ಸು ಕೊಳ್ಳಲು ಹೋದವರಿಗೆ ಆ ಅಂಗಡಿಯಲ್ಲಿ ಲೆನ್ಸು ಸಿಗುತ್ತಿರಲಿಲ್ಲ, ಹೋಂವರ್ಕು ಸಿಗುತ್ತಿತ್ತು. ಅಂಗಡಿಯವರಿಗೆ ಅರವತ್ತು ದಾಟಿತ್ತು. ಬಂದವರನ್ನು ಕನ್ನಡಕದ ಮೇಲಿಂದ ಒಮ್ಮೆ, ಒಳಗಿಂದ ಒಮ್ಮೆ ನೋಡುವ ಅವರ ಚಾಳಿಗೆ ಬೀದಿಯವರೆಲ್ಲ ಸೇರಿ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಹೊಸಬರು ಯಾರೇ ಬರಲಿ, ಭೂತಗನ್ನಡಿಯವರದು ಒಂದೇ ಹಟ. ಕ್ಯಾಮೆರಾದ ಜೊತೆ ಬಂದ ಲೆನ್ಸಿನಲ್ಲೇ ನೂರು ಫೋಟೋ ತೆಗೆದುಕೊಂಡು ಬರಬೇಕು, ಮಿಕ್ಕ ಮಾತು ಆಮೇಲೆ.

ಫೋಟೋ ಚೆನ್ನಾಗಿದೆಯೇ ಇಲ್ಲವೇ ಎಂದು ಅವರು ನೋಡುವವರಲ್ಲ. ಪ್ರತಿ ಫೋಟೋದ ಜೊತೆ ಕ್ಯಾಮೆರಾ ತಾನಾಗಿ ಬರೆದಿಟ್ಟುಕೊಳ್ಳುವ ಒಂದು ಅಂಕಿ ಇರುತ್ತದೆ, ಅದನ್ನು ನೋಡುತ್ತಿದ್ದರು. ಹದಿನೆಂಟು ಎಂದಿದ್ದರೆ ಲೆನ್ಸನ್ನು ಪೂರ್ತಿ ಅಗಲಕ್ಕಿಟ್ಟು ತೆಗೆದದ್ದು. ಐವತ್ತೈದು ಎಂದಿದ್ದರೆ ಅದು ಎಷ್ಟು ದೂರಕ್ಕೆ ಎಟುಕುತ್ತದೋ ಅಷ್ಟಕ್ಕೂ ತಿರುಗಿಸಿ ತೆಗೆದದ್ದು.

"ಬಾಯಲ್ಲಿ ಜನ ಏನೇನೋ ಬೇಕು ಅಂತಾರೆ. ಕೈ ಏನು ಕೇಳ್ತಿದೆ ಅನ್ನೋದನ್ನ ಈ ಅಂಕಿ ಹೇಳುತ್ತೆ," ಎನ್ನುತ್ತಿದ್ದರು.

ಈ ಕಥೆಯ ತಂಗಿ ತಂದ ನೂರು ಫೋಟೋಗಳಲ್ಲಿ ತೊಂಬತ್ತೇಳರ ಅಂಕಿ ಐವತ್ತೈದು. ಉಳಿದ ಮೂರರಲ್ಲಿ ಒಂದು ಬೆಕ್ಕು, ಒಂದು ಅವಳ ಕೆಲಸದ ಮೇಜಿನ ಮೇಲಿದ್ದ ಪ್ಲಾಸ್ಟರಿನ ದವಡೆ, ಇನ್ನೊಂದು ಗುಂಡಿ ಯಾವುದೆಂದು ಹುಡುಕುವಾಗ ಬಿದ್ದ ಅವಳದೇ ಪಾದ.

"ಏನು ತೆಗೀಬೇಕು ಅಂದಿದ್ರಿ?" ಭೂತಗನ್ನಡಿ ಪರದೆಯ ಮೇಲೆ ಫೋಟೋಗಳನ್ನು ಸರಿಸುತ್ತಾ ಕೇಳಿದರು.

"ಹಕ್ಕಿ ಸರ್. ದೂರದ ಹಕ್ಕಿಗಳು. ಅದಕ್ಕೇ ಉದ್ದದ ಲೆನ್ಸು ಬೇಕು."

ತೊಂಬತ್ತೇಳು ಫೋಟೋಗಳಲ್ಲೂ ಒಂದೇ ಕಟ್ಟಡ, ಒಂದೇ ನಾಲ್ಕನೇ ಮಹಡಿ, ಒಂದೇ ಬಾಲ್ಕನಿ. ಕೆಲವದರಲ್ಲಿ ಒಬ್ಬ ಹೆಂಗಸು ಹೆಬ್ಬೆರಳ ಉಗುರಿನಷ್ಟು ಕಾಣುತ್ತಿದ್ದಳು.

"ಈ ಹಕ್ಕಿ ಬಟ್ಟೆ ಚೆನ್ನಾಗಿ ಒಣಗಿಸುತ್ತೆ," ಎಂದರು ಭೂತಗನ್ನಡಿ.

ತಂಗಿಯ ಮುಖ ಕೆಂಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಸಿಕ್ಕಿಬಿದ್ದಾಗ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ.

ಅವಳಿಗೆ ನಲವತ್ತೆರಡು ವರ್ಷ. ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ, ಪಿಂಗಾಣಿ ಪುಡಿಯನ್ನು ಸಣ್ಣ ಕುಂಚದಲ್ಲಿ ಪದರ ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು ಹಲ್ಲು ಕಟ್ಟಿಕೊಡುವುದು. ಇಪ್ಪತ್ತು ವರ್ಷದಿಂದ ಕಣ್ಣಿಂದ ಒಂದು ಗೇಣು ದೂರದಲ್ಲಿ ಹಿಡಿದು ನೋಡುವ ಬದುಕು. ಸಾವಿರಾರು ಜನರ ನಗುವನ್ನು ರಿಪೇರಿ ಮಾಡಿದ್ದಳು. ಅವರಲ್ಲಿ ಒಬ್ಬರಾದರೂ ಅವಳೆದುರು ನಿಂತು ನಕ್ಕವರಲ್ಲ. ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಅಕ್ಕ. ಲ್ಯಾಬಿಗೆ ಸೇರಿದ ಹೊಸತರಲ್ಲಿ ತಂಗಿ ತಾನೊಬ್ಬಳೇ ಮೊದಲಿಂದ ಕೊನೆಯವರೆಗೆ ಕಟ್ಟಿದ ಮೊದಲ ಹಲ್ಲು ಅಕ್ಕನ ಮೇಲಿನ ಎಡ ಮುಂಬಲ್ಲು. ಸ್ನಾನದ ಮನೆಯಲ್ಲಿ ಜಾರಿ ಅಕ್ಕ ಆ ಹಲ್ಲು ಮುರಿದುಕೊಂಡಿದ್ದಳು. ಪಕ್ಕದ ಹಲ್ಲಿನಲ್ಲಿ ಸಾಸಿವೆಯ ಕಾಲುಭಾಗದಷ್ಟು ಒಂದು ಬಿಳಿ ಚುಕ್ಕೆ ಇತ್ತು, ಅದಕ್ಕೆ ಜೊತೆಯಾಗಲಿ ಎಂದು ಹೊಸ ಹಲ್ಲಿಗೂ ಅಂಥದೇ ಚುಕ್ಕೆ ಇಡಲು ಮೂರು ಸಲ ಕುಲುಮೆಗೆ ಹಾಕಿದ್ದಳು. ಅಕ್ಕ ಕನ್ನಡಿಯಲ್ಲಿ ನೋಡಿಕೊಂಡು, "ಪುಟ್ಟಿ, ಯಾವುದು ನನ್ನದು ಯಾವುದು ನಿನ್ನದು ನಂಗೇ ಗೊತ್ತಾಗ್ತಿಲ್ಲ ಕಣೇ," ಎಂದಿದ್ದಳು.

ಅವಳನ್ನು ಪುಟ್ಟಿ ಎನ್ನುತ್ತಿದ್ದದ್ದು ಪ್ರಪಂಚದಲ್ಲಿ ಇಬ್ಬರೇ, ಅಮ್ಮ ಮತ್ತು ಅಕ್ಕ. ಮೂರು ವರ್ಷದಿಂದ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಒಬ್ಬರಿಗೊಬ್ಬರು ಹತ್ತಿರವಿರಬೇಕೆಂದೇ ಅವರಿಬ್ಬರೂ ಎದುರುಬದುರು ಕಟ್ಟಡಗಳಲ್ಲಿ, ಒಂದೇ ಎತ್ತರದಲ್ಲಿ ಮನೆ ಹಿಡಿದದ್ದು. ಅಮ್ಮನ ಕೊನೆಯ ದಿನಗಳು ಅಕ್ಕನ ಮನೆಯಲ್ಲಿ ಕಳೆದವು. ತಂಗಿ ದಿನವೂ ಕೆಲಸ ಮುಗಿಸಿ ಹೋಗಿ ಕೂತು ಬರುತ್ತಿದ್ದಳು. ಒಂದು ದಿನ ಬೆಳಗ್ಗೆ ಆರಕ್ಕೆ ಅಕ್ಕನ ಫೋನು ಬಂತು. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಉಸಿರು ಏರುಪೇರಾಗಲು ಶುರುವಾಗಿದ್ದು ಐದಕ್ಕೇ ಎಂದು ತಿಳಿದಾಗ ತಂಗಿಗೆ ತಲೆ ಕೆಟ್ಟುಹೋಯಿತು. ನಡುವೆ ಇದ್ದದ್ದು ಒಂದು ರಸ್ತೆ. ಚಪ್ಪಲಿ ಹಾಕದೆ ಓಡಿ ಬಂದಿದ್ದರೂ ಸಿಗುತ್ತಿದ್ದಳು ಅಮ್ಮ. ಬಂದವರೆಲ್ಲರ ಎದುರು, "ಅಮ್ಮ ಏನು ನಿನ್ನೊಬ್ಬಳ ಸ್ವತ್ತಾ?" ಎಂದುಬಿಟ್ಟಳು.

ಅಲ್ಲಿಂದ ಅಕ್ಕ ತಂಗಿಯರ ಮಾತು ನಿಂತಿತು. ಅಕ್ಕ ಬಂದು ಸಮಾಧಾನ ಮಾಡಲಿ ಎಂದು ತಂಗಿ ಮೊದಲ ವರ್ಷ ಕಾದಳು. ಎರಡನೇ ವರ್ಷ ತಾನೇ ಹೋಗಬೇಕೆಂದುಕೊಂಡು ಯಾವ ಮುಖ ಹೊತ್ತು ಹೋಗುವುದೆಂದು ಕೂತಳು. ಮೂರನೇ ವರ್ಷ ಯಾರೋ ಮಾರುತ್ತಿದ್ದ ಹಳೆಯ ಕ್ಯಾಮೆರಾವನ್ನು ಕೊಂಡಳು. ಬರಿಗಣ್ಣಿಗೆ ಅಕ್ಕ ಒಂದು ಆಕಾರ ಮಾತ್ರ. ಸೊರಗಿದ್ದಾಳೋ ಸುಖವಾಗಿದ್ದಾಳೋ ಮುಖ ನೋಡಿದರಲ್ಲವೇ ಗೊತ್ತಾಗುವುದು?

ಇದನ್ನೆಲ್ಲ ಅವಳು ಭೂತಗನ್ನಡಿಯವರಿಗೆ ಹೇಳಲಿಲ್ಲ. ಪರದೆಯ ಮೇಲಿನ ಪುಟ್ಟ ಹೆಂಗಸನ್ನು ತೋರಿಸಿ, "ನಮ್ಮಕ್ಕ," ಎಂದಳು ಅಷ್ಟೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಒಳಗಿಂದ ನೋಡಲಿಲ್ಲ.

"ನಿಮಗೆ ಈಗ ಒಂದೇ ಲೆನ್ಸು ಕೊಳ್ಳೋಕಾಗೋದು ಅಂದ್ರಲ್ಲ. ಹಾಗಿದ್ರೆ ಈ ಉದ್ದದ್ದನ್ನ ಕೊಳ್ಳಬೇಡಿ, ಒಂದು ವಾರ ಬಾಡಿಗೆಗೆ ತಗೊಂಡ್ಹೋಗಿ. ಒಂದು ತಿಳ್ಕೊಳ್ಳಿ ಅಮ್ಮಾ, ಇದು ಯಾರನ್ನೂ ಹತ್ತಿರ ತರಲ್ಲ. ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೆ."

ಮಾರನೇ ದಿನ ಬೆಳಗ್ಗೆ ತಂಗಿ ಕಿಟಕಿಗೆ ಕುರ್ಚಿ ಎಳೆದುಕೊಂಡು, ಆ ಭಾರದ ಲೆನ್ಸನ್ನು ದಿಂಬಿನ ಮೇಲೆ ಒರಗಿಸಿ ಕೂತಳು. ಅಕ್ಕ ಬುಟ್ಟಿ ಹಿಡಿದು ಹೊರಗೆ ಬಂದಳು. ಮೂರು ವರ್ಷದ ಮೇಲೆ ಆ ಮುಖ ಹಾಗೆ ಕಣ್ತುಂಬಾ ಬಂದು ನಿಂತಿತ್ತು. ಕಿವಿಯ ಪಕ್ಕ ಕೂದಲು ನೆರೆತಿತ್ತು. ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಟ್ಟೆ ಹಾಕುವ ಅಭ್ಯಾಸ ಹೋಗಿ, ಈಗ ಅಂಗಿಯ ಅಂಚಿಗೆ ಸಾಲಾಗಿ ಸಿಕ್ಕಿಸಿಕೊಂಡಿದ್ದಳು. ತಂಗಿ ಕ್ಲಿಕ್ಕಿಸಲು ಮರೆತು ನೋಡುತ್ತಾ ಕೂತಳು. ಅಕ್ಕ ಒಳಗೆ ಹೋದ ಮೇಲೆ ಖಾಲಿ ಬಾಲ್ಕನಿಯೂ ಅಷ್ಟೇ ದೊಡ್ಡದಾಗಿ ಕಂಡಿತು, ಅದನ್ನು ಅವಳಿಗೆ ತಡೆಯಲಾಗಲಿಲ್ಲ.

ಎರಡನೇ ದಿನ ಪಕ್ಕದ ಮನೆಯವಳು ಏನೋ ಹೇಳಿದಳು, ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತಂಗಿಗೆ ಏನೋ ಸರಿಯಿಲ್ಲ ಅನಿಸಿತು. ಅಕ್ಕನದು ಮನೆ ಹಾರಿಹೋಗುವ ನಗು, ಅಡ್ಡ ಕೈ ಇಟ್ಟವಳೇ ಅಲ್ಲ. ಮೂರನೇ ದಿನವೂ ಅದೇ, ನಗು ಬಂದ ಕೂಡಲೇ ಕೈ ಬಾಯಿಗೆ ಹೋಗುತ್ತಿತ್ತು.

ಶನಿವಾರ ಅಕ್ಕ ದೊಡ್ಡ ಚಾದರ ಹಿಂಡುತ್ತಿದ್ದಳು, ಎರಡು ಕೈಗೂ ಪುರುಸೊತ್ತಿಲ್ಲ. ಪಕ್ಕದವಳು ಆಗಲೇ ನಗಿಸಿದಳು. ತಂಗಿ ಒತ್ತಿಹಿಡಿದ ಗುಂಡಿಯನ್ನು ಬಿಡಲಿಲ್ಲ, ಹನ್ನೊಂದು ಫೋಟೋ ಒಂದರ ಹಿಂದೊಂದು ಬಿದ್ದವು. ಆಮೇಲೆ ಆ ಹನ್ನೊಂದು ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದಳು. ಐದನೆಯದರಲ್ಲಿ ನಿಂತು ಇನ್ನಷ್ಟು ಹಿಗ್ಗಿಸಿದಳು. ಮೇಲಿನ ಸಾಲಿನಲ್ಲಿ, ಅಕ್ಕನ ಎಡಕ್ಕೆ, ಮುಂದೆಯೇ ಒಂದು ಕಪ್ಪು ಸಂದು. ತಾನು ಮೂರು ಸಲ ಸುಟ್ಟು ಚುಕ್ಕೆ ಇಟ್ಟ ಹಲ್ಲು ಅಲ್ಲಿರಲಿಲ್ಲ.

ತಂಗಿ ಅತ್ತಳು. ಅಮ್ಮ ಹೋದಾಗಲೂ ಸಿಟ್ಟಿನಲ್ಲಿ ಅಷ್ಟು ಅತ್ತಿರಲಿಲ್ಲ. ಹಲ್ಲು ಕಟ್ಟುವ ತಂಗಿ ಎದುರುಮನೆಯಲ್ಲೇ ಇದ್ದೂ ಅಕ್ಕ ಬಾಯಿ ಮುಚ್ಚಿಕೊಂಡು ನಗುವಂತಾಯಿತಲ್ಲ!

ಅವತ್ತೇ ಮಧ್ಯಾಹ್ನ ಉದ್ದದ ಲೆನ್ಸನ್ನು ಭೂತಗನ್ನಡಿಯವರ ಮುಂದಿಟ್ಟಳು.

"ಇನ್ನೂ ಮೂರು ದಿನ ಇತ್ತಲ್ಲ?"

"ಸಾಕು ಸರ್. ಹಲ್ಲಿನ ಬಣ್ಣ ನೋಡಬೇಕು. ಮುಖ ಇಲ್ಲಿ, ನಾನು ಇಲ್ಲಿ," ಎಂದು ತಂಗಿ ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದಳು. "ಇಷ್ಟು ಹತ್ತಿರಕ್ಕೆ ಯಾವುದು?"

ಭೂತಗನ್ನಡಿ ಆ ಎರಡು ಅಂಗೈಗಳ ನಡುವಿನ ಜಾಗವನ್ನು ನೋಡಿದರು. ಆಮೇಲೆ ಕಪಾಟಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಲೆನ್ಸು ತೆಗೆದರು. ಅದರ ಅಂಕಿ ಐವತ್ತು. ಹಿಂದೆ ಮುಂದೆ ಎಳೆಯಲು ಬರುವುದಿಲ್ಲ, ಇದ್ದದ್ದು ಇದ್ದ ಹಾಗೆ.

"ಹತ್ತಿರ ಬೇಕಾದ್ರೆ ನೀವೇ ನಡೀಬೇಕು. ಆದ್ರೆ ಒಂದು ಮೊಳಕ್ಕಿಂತ ಹತ್ತಿರ ಹೋಗಬೇಡಿ, ಇದಕ್ಕೆ ಕಣ್ಣು ಕೂಡಲ್ಲ, ಮಸುಕಾಗುತ್ತೆ. ಹಲ್ಲೊಂದೇ ದೊಡ್ಡದಾಗಿ ಬರಬೇಕು ಅಂದ್ರೆ ಬೇರೆ ಲೆನ್ಸಿದೆ..."

"ಮುಖ ಬಂದ್ರೆ ಸಾಕು," ಎಂದಳು ತಂಗಿ.

ಭಾನುವಾರ ಹತ್ತು ಗಂಟೆಗೆ ಅವಳು ರಸ್ತೆ ದಾಟಿದಳು. ಕೊರಳಲ್ಲಿ ಕ್ಯಾಮೆರಾ, ಚೀಲದಲ್ಲಿ ಲ್ಯಾಬಿನ ಬಣ್ಣದ ಪಟ್ಟಿ. ಬಿಳಿಯಿಂದ ಕಂದಿನವರೆಗೆ ಹದಿನಾರು ಮಾದರಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಪಟ್ಟಿ ಅದು, ಮೆಟ್ಟಿಲು ಹತ್ತುವಾಗ ಒಳಗೆ ಕಟಕಟ ಎನ್ನುತ್ತಿತ್ತು. ನಾಲ್ಕು ಮಹಡಿಗೆ ನಾಲ್ಕು ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದ ಅಕ್ಕನ ಕೈ ಅವಳನ್ನು ಕಂಡದ್ದೇ ಬಾಯಿಗೆ ಹೋಯಿತು, ನಾಲ್ಕೂ ಮಾತು ಮರೆತುಹೋದವು.

"ಹಲ್ಲು ಬಿದ್ದಿದೆ," ಎಂದಳು ತಂಗಿ.

"ಯಾರು ಹೇಳಿದ್ದು?" ಅಕ್ಕನ ದನಿ ಬೆರಳುಗಳ ಸಂದಿಯಿಂದ ಬಂತು.

"ನೋಡ್ದೆ."

"ಎಲ್ಲಿಂದ?"

ತಂಗಿ ಅಕ್ಕನ ಹೆಗಲ ಮೇಲಿಂದ, ಬಾಲ್ಕನಿಯ ಆಚೆ, ತನ್ನ ಕಿಟಕಿಯತ್ತ ಕೈ ಮಾಡಿದಳು. ಅಕ್ಕ ತಿರುಗಿ ಆ ಕಿಟಕಿಯನ್ನೂ, ಅಲ್ಲಿ ದಿಂಬು ಇಟ್ಟ ಕುರ್ಚಿಯನ್ನೂ ನೋಡಿದಳು.

"ಅಲ್ಲಿ ಕೂತು ನೋಡೋಳಿಗೆ ಬರೋಕೆ ಏನು ದಾಡಿ?" ಎಂದು ಬಾಗಿಲು ಪೂರ್ತಿ ತೆಗೆದಳು.

ಒಳಗೆ ಹೋಗಿ ಗುಂಡಿ ಡಬ್ಬಿ ತಂದಳು. ಅಂಗಿಯ ಗುಂಡಿಗಳ ನಡುವೆ ಹತ್ತಿಯಲ್ಲಿ ಸುತ್ತಿಟ್ಟ ಆ ಹಲ್ಲು ಇತ್ತು. ಒಂದು ಮೂಲೆ ಒಡೆದಿತ್ತು, ಚುಕ್ಕೆ ಹಾಗೇ ಇತ್ತು.

"ಏಳು ತಿಂಗಳಾಯ್ತು. ಬೇರೆ ಲ್ಯಾಬಲ್ಲಿ ಮಾಡಿಸಿಕೊಡ್ತೀನಿ ಅಂದ್ರು ಡಾಕ್ಟರು. ನಾನೇ ಬೇಡ ಅಂದೆ."

"ಇಷ್ಟು ದಿನ ಹೀಗೇ ಓಡಾಡಿದ್ಯಾ?"

"ನಿನ್ನ ಕೇಳೋಕೆ ಧೈರ್ಯ ಇರಲಿಲ್ಲ. ಇನ್ನೊಬ್ಬರ ಹಲ್ಲು ಬಾಯಲ್ಲಿಟ್ಟುಕೊಳ್ಳೋಕೆ ಮನಸ್ಸಿರಲಿಲ್ಲ."

ತಂಗಿ ಅಕ್ಕನನ್ನು ಬಾಲ್ಕನಿಯ ಬೆಳಕಿಗೆ ಕೂರಿಸಿ, ಬಣ್ಣದ ಪಟ್ಟಿಯನ್ನು ಅವಳ ಕೈಗೇ ಕೊಟ್ಟು, ತುಟಿಯ ಪಕ್ಕ ಹಿಡಿದುಕೊಳ್ಳಲು ಹೇಳಿದಳು. ಎದುರಿಗೆ ಕೂತು ಮೊಣಕೈಯಿಂದ ಬೆರಳ ತುದಿಯವರೆಗೆ ಚಾಚಿ ಒಂದು ಮೊಳ ಅಳೆದುಕೊಂಡಳು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ ಮೇಲೆ, ಮುಖ ಮುಚ್ಚಿಹೋಗಿದ್ದರಿಂದಲೋ ಏನೋ, ಹೇಳಬೇಕಾದದ್ದು ಬಾಯಿಗೆ ಬಂತು.

"ಆವತ್ತು ಎಲ್ಲರೆದುರು ನಾನು ಹಾಗನ್ನಬಾರದಿತ್ತು."

ಅಕ್ಕ ಬಣ್ಣದ ಪಟ್ಟಿಯನ್ನು ತುಟಿಯ ಪಕ್ಕದಿಂದ ಇಳಿಸಿದಳು.

"ಫೋನು ಕೈಯಲ್ಲೇ ಇತ್ತು ಕಣೇ. ಹಿಂದಿನ ದಿನ ತುಂಬಾ ದಣಿದಿದ್ದೆ ನೀನು. ಇನ್ನರ್ಧ ಗಂಟೆ ಮಲಗಲಿ, ಆಮೇಲೆ ಮಾಡ್ತೀನಿ ಅಂದ್ಕೊಂಡೆ. ಆ ಅರ್ಧ ಗಂಟೆ ನನ್ನನ್ನ ಇನ್ನೂ ಬಿಟ್ಟಿಲ್ಲ."

ಹೇಳುತ್ತಾ ಹೇಳುತ್ತಾ ಅಕ್ಕ ಮುಂದಕ್ಕೆ ಬಾಗಿದ್ದಳು. ಲೆನ್ಸು ಗರಗರ ಎಂದು ಅತ್ತ ಇತ್ತ ಹುಡುಕಿತು, ಮುಖ ಮಸುಕಾಯಿತು, ಗುಂಡಿ ಒತ್ತಿದರೆ ಕ್ಯಾಮೆರಾ ಒಲ್ಲೆ ಎಂದಿತು. ಮಸುಕಿಗೆ ಲೆನ್ಸೊಂದೇ ಕಾರಣವಲ್ಲವೆಂದು ತಂಗಿಗೆ ಗೊತ್ತಿತ್ತು.

"ತುಂಬಾ ಹತ್ತಿರ ಆಯ್ತು ಅಕ್ಕ. ಇದಕ್ಕೆ ಒಂದು ಮೊಳ ದೂರ ಬೇಕಂತೆ. ಇರು, ನಾನು ಹಿಂದೆ ಸರೀತೀನಿ."

ಅಕ್ಕ ಅವಳ ಕೊರಳಲ್ಲಿದ್ದ ಕ್ಯಾಮೆರಾದ ಪಟ್ಟಿಯನ್ನು ಹಿಡಿದುಕೊಂಡಳು.

"ಹಿಂದೆ ಹೋಗಬೇಡ," ಎಂದಳು.

ತಂಗಿ ಕ್ಯಾಮೆರಾ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಬಣ್ಣದ ಪಟ್ಟಿಯನ್ನು ಅಕ್ಕನಿಂದ ತೆಗೆದುಕೊಂಡು, ಇನ್ನೊಂದು ಕೈಯಿಂದ ಅವಳ ಗಲ್ಲ ಎತ್ತಿ ಬೆಳಕಿಗೆ ತಿರುಗಿಸಿದಳು. ಅವಳ ಕೆಲಸಕ್ಕೆ ಯಾವತ್ತೂ ಒಂದು ಗೇಣು ದೂರವೇ ಸಾಕಾಗಿತ್ತು. ಮೂರನೆಯ ಬಣ್ಣವೋ ನಾಲ್ಕನೆಯದೋ ಎಂದು ಒಂದೊಂದೇ ಹಿಡಿದು ನೋಡಿದಳು. ಮೊದಲ ನೋಟಕ್ಕೇ ಗೊತ್ತಾಗಿತ್ತು, ಆದರೂ ನೋಡುತ್ತಲೇ ಇದ್ದಳು.

"ಬೇಗ ನೋಡೇ ಪುಟ್ಟಿ," ಎಂದಳು ಅಕ್ಕ, ತೆರೆದ ಬಾಯಲ್ಲೇ. "ಕತ್ತು ನೋಯ್ತಿದೆ."