ಹಣೆ ತಣ್ಣಗಿದೆ ಎಂದು ರಕ್ತಪರೀಕ್ಷೆ ತಡೆದವನು

ಬೇಕರಿಯವನಿಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತಂತೂ ಅದು ನೆತ್ತಿಗೇರಿತ್ತು. ಜ್ವರ ಜೋರಾಗಿ ಆಸ್ಪತ್ರೆ ಸೇರಿದ್ದ ಹೆಂಡತಿ ಐಸಿಯು ಮಂಚದ ಮೇಲೆ ಕಣ್ಣು ತೆರೆಯದೆ ಮಲಗಿದ್ದಳು. ನರ್ಸಮ್ಮ ಸಿರಿಂಜು ಹಿಡಿದು ಬಂದರು.

“ಮತ್ತೆ ರಕ್ತನಾ? ನಿನ್ನೆ ತಾನೇ ತೆಗೆದ್ರಲ್ಲ! ಅವಳ ಮೈಯಲ್ಲಿ ಇನ್ನೇನು ಉಳಿದಿದೆ ಅಂತ ಹೀರ್ತೀರಿ?” ಎಂದು ಮಂಚಕ್ಕೆ ಅಡ್ಡ ನಿಂತ.

“ನಿನ್ನೆದನ್ನೂ ಇವತ್ತಿನದನ್ನೂ ಹೋಲಿಸಿ ನೋಡ್ಬೇಕಣ್ಣ.”

“ನೋಡೋದೇನು ಮಣ್ಣು? ಹಣೆ ಮುಟ್ಟಿ, ತಣ್ಣಗಿದೆ. ಜ್ವರ ಬಿಟ್ಟಿದೆ!”

ಭಟ್ಟಿಯ ಬಾಯಿಗೆ ಅಂಗೈ ಒಡ್ಡಿ ಕಾವು ಹೇಳುವವನು ಅವನು. ಒಮ್ಮೆಯೂ ತಪ್ಪಿದವನಲ್ಲ. ಆ ಜಂಬವನ್ನೇ ಆಸ್ಪತ್ರೆಗೂ ಹೊತ್ತು ತಂದಿದ್ದ. ಬ್ರೆಡ್ಡು ಸೀದರೆ ಇನ್ನೊಂದು ಮಾಡಬಹುದು, ಹೆಂಡತಿ ಹೋದರೆ? ಅಷ್ಟೂ ಹೊಳೆಯಲಿಲ್ಲ ಮಹಾರಾಯನಿಗೆ.

ನರ್ಸಮ್ಮನಿಗೂ ರೇಗಿತು. “ಅಣ್ಣಾ, ಸೋಂಕು ಮೈಯೆಲ್ಲ ಹರಡಿದಾಗ ಕೆಲವರ ಮೈ ಸುಡಲ್ಲ, ತಣ್ಣಗಾಗುತ್ತೆ. ಅದು ಕೈಮೀರ್ತಿರೋ ಗುರುತೂ ಆಗಿರಬಹುದು. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ರಕ್ತದಲ್ಲಿ ಕೆಲವು ಅಂಶ ಏರ್ತವೆ. ಪ್ರೊಕ್ಯಾಲ್ಸಿಟೋನಿನ್ ಅಂತ ಒಂದಿದೆ. ಬೇರೆ ಕಾರಣಕ್ಕೂ ಅದು ಏರಬಹುದು, ಅದಕ್ಕೇ ಅದೊಂದನ್ನೇ ನಂಬಲ್ಲ. ರೋಗಿನ ನೋಡ್ತೀವಿ, ಬೇರೆ ಪರೀಕ್ಷೆನೂ ಮಾಡ್ತೀವಿ. ಔಷಧಿ ಆಗಲೇ ಶುರುವಾಗಿದೆ. ಅದು ನಾಟ್ತಿದೆಯೋ ಇಲ್ವೋ ತಿಳೀಬೇಡ್ವಾ?”

“ಈ ಬುರುಡೆಯೆಲ್ಲ ಬೇರೆಯವರ ಹತ್ರ ಬಿಡಿ!”

ಬಾಗಿಲಲ್ಲಿದ್ದ ನಾದಿನಿ ಕೆಂಡವಾದಳು. “ಭಾವ! ಅವಳು ನಿಮ್ಮ ಭಟ್ಟಿ ಅಲ್ಲ, ನನ್ನ ಅಕ್ಕ! ನಿಮ್ಮ ಹಟಕ್ಕೆ ಅವಳಿಗೇನಾದ್ರೂ ಆದ್ರೆ ಈ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ. ಸರೀರಿ ಆ ಕಡೆ!”

ಅವನ ಅಷ್ಟು ಕೂಗಾಟದ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ. ಪಕ್ಕಕ್ಕೆ ಸರಿದ.

ಮಧ್ಯಾಹ್ನ ವರದಿ ಬಂತು. ಇಳಿಯಬೇಕಾದ ಅಂಶ ನಿನ್ನೆಗಿಂತಲೂ ಏರಿತ್ತು. ಡಾಕ್ಟರು ಕೂಡಲೇ ಸ್ಕ್ಯಾನ್ ಮಾಡಿಸಿದರು. ಮೂತ್ರನಾಳದಲ್ಲಿ ಕಲ್ಲು ಅಡ್ಡ ಸಿಕ್ಕಿ ಮೂತ್ರಪಿಂಡದಲ್ಲಿ ಕೀವು ತುಂಬಿತ್ತು. ನಳಿಕೆ ಹಾಕಿ ಕೀವು ತೆಗೆದರು, ಔಷಧಿಯನ್ನೂ ಬದಲಿಸಿದರು.

ಅಲ್ಲಿಂದ ಮುಂದೆ ನರ್ಸಮ್ಮ ಬಂದಾಗಲೆಲ್ಲ ಅವನೇ ಹೆಂಡತಿಯ ತೋಳಿನ ಹೊದಿಕೆ ಸರಿಸಿಕೊಟ್ಟ.

“ಇಳೀತಿದ್ಯಾ ಸಿಸ್ಟರ್?”

“ಇಳೀತಿದೆ. ಹೀಗೇ ಇಳಿದ್ರೆ ಆಂಟಿಬಯೋಟಿಕ್ ಯಾವಾಗ ನಿಲ್ಲಿಸ್ಬೇಕು ಅಂತ ಡಾಕ್ಟರಿಗೆ ಗೊತ್ತಾಗೋಕೂ ಇದು ಸಹಾಯ. ಬೇಡದ ಔಷಧಿ ಮೈಗೆ ಸುರಿಯೋದು ತಪ್ಪುತ್ತೆ.”

ಕೆಲವು ದಿನ ಕಳೆದ ಮೇಲೆ ಹೆಂಡತಿಗೆ ಮಾತು ಬಂತು. ಗಂಡನನ್ನೇ ದಿಟ್ಟಿಸಿದಳು.

“ಅವತ್ತು ನೀವು ಕೂಗಾಡಿದ್ದು ನಂಗೆ ಕೇಳಿಸ್ತಿತ್ತು ಕಣ್ರೀ. ‘ತೆಗೀಲಿ ಬಿಡಿ, ನಾನು ಬದುಕ್ಬೇಕು’ ಅನ್ನೋಕೆ ಮಾತೇ ಹೊರಡ್ಲಿಲ್ಲ.”

ಅವನು ತಲೆ ತಗ್ಗಿಸಿ ಅವಳ ಕೈ ಹಿಡಿದುಕೊಂಡ.

ಕೇಳಿದಿರಲ್ಲ? ಐಸಿಯು ಮಂಚದ ಮೇಲಿರುವವರಿಗೆ ಬಾಯಿಲ್ಲ. ಕೋಪ ಬಂದರೆ ಕೇಳಿ, ಗಟ್ಟಿಯಾಗಿಯೇ ಕೇಳಿ: ಈ ರಕ್ತ ಯಾಕೆ? ಇದರಿಂದ ಏನು ತಿಳಿಯುತ್ತದೆ? ನಿನ್ನೆಗಿಂತ ಏರಿದೆಯೋ, ಇಳಿದಿದೆಯೋ? ಉತ್ತರ ಪಡೆಯುವುದು ನಿಮ್ಮ ಹಕ್ಕು. ಆದರೆ ದಯವಿಟ್ಟು ಪರೀಕ್ಷೆಗೆ ಅಡ್ಡ ನಿಲ್ಲಬೇಡಿ. ಬದುಕಬೇಕಾದವರು ನೀವಲ್ಲ, ಅವರು.